ಪ್ರೋಟೀನುಗಳ ನಂಟು ಓದಿದವರು

ಮನುಷ್ಯನ ಜೀನೋಮ್ ಓದುವ ಯೋಜನೆ ಮುಗಿಯಿತೆಂದು ಘೋಷಣೆಯಾದದ್ದು 2003ರ ಏಪ್ರಿಲ್‌ನಲ್ಲಿ. ಜಗತ್ತೆಲ್ಲ ಅದು ಸುದ್ದಿಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಓದಿನ ಫಲ ‘ಜೀನೋಮ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಹೊರಗಿನವರಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಮೊದಲನೆಯದನ್ನು ಯಂತ್ರಗಳು ಓದಿದ್ದವು. ಎರಡನೆಯದನ್ನು ಬೆಂಗಳೂರಿನಲ್ಲಿ ಮನುಷ್ಯರೇ ಕೂತು ಓದಿದ್ದರು. ಈ ಎರಡನೇ ಓದು ಯಾಕೆ ಬೇಕಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜೀನ್ ಎಂದರೆ ಪ್ರೋಟೀನು ತಯಾರಿಸುವ ಸೂಚನೆ. ತಯಾರಾದ ಪ್ರೋಟೀನು ಒಂಟಿಯಾಗಿ ಕೆಲಸ ಮಾಡುವುದು ಅಪರೂಪ. ಒಂದು ಇನ್ನೊಂದಕ್ಕೆ ಅಂಟಿಕೊಂಡು ಅದನ್ನು ಎಬ್ಬಿಸುತ್ತದೆ, ತಡೆಯುತ್ತದೆ, ಕೆಲವೊಮ್ಮೆ ನಾಶಮಾಡಿಸುತ್ತದೆ. ಈ ನಂಟುಗಳಲ್ಲೇ ರೋಗದ ಮೂಲವೂ ಇರಬಹುದೆಂದು ತೋರಿಸಿಕೊಟ್ಟದ್ದು ಪಿ53 ಎಂಬ ಪ್ರೋಟೀನಿನ ಕತೆ. 1979ರಲ್ಲಿ ಲಂಡನ್ನಿನ ಡೇವಿಡ್ ಲೇನ್ ಮತ್ತು ಲಯೊನೆಲ್ ಕ್ರಾಫರ್ಡ್, ಪ್ರಿನ್ಸ್‌ಟನ್ನಿನ ಆರ್ನಾಲ್ಡ್ ಲೆವಿನ್ ತಂಡ ಎಸ್‌ವಿ40 ವೈರಸ್ಸಿನ ಒಂದು ಪ್ರೋಟೀನನ್ನು ಹಿಡಿದು ಹೊರತೆಗೆದಾಗ, ಅದಕ್ಕೆ ಅಂಟಿಕೊಂಡು ಇದೂ ಬಂತು. ಮೊದಲ ಹತ್ತು ವರ್ಷ ಇದು ಕ್ಯಾನ್ಸರ್ ತರುವ ಪ್ರೋಟೀನು ಎಂದೇ ಅನೇಕರು ತಿಳಿದಿದ್ದರು. ಕ್ಯಾನ್ಸರನ್ನು ತಡೆಯುವ ಕಾವಲುಗಾರ ಎಂದು ಸ್ಪಷ್ಟವಾದದ್ದು 1989ರ ಹೊತ್ತಿಗೆ. ಮರುವರ್ಷವೇ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನು ಈ ಕಾವಲುಗಾರನಿಗೆ ಅಂಟಿಕೊಂಡು ಅವನನ್ನು ನಾಶಮಾಡಿಸುತ್ತದೆ ಎಂದು ಗೊತ್ತಾಯಿತು. ಪಿ53ರ ಜೀನ್‌ನಲ್ಲಿ ಒಂದಕ್ಷರ ತಪ್ಪಿಲ್ಲದಿದ್ದರೂ ಒಂದು ಕೆಟ್ಟ ನಂಟು ಕಾವಲನ್ನು ಕಿತ್ತುಹಾಕಬಲ್ಲದು.

ನಂಟು ಹುಡುಕುವ ಹೊಸ ಉಪಾಯವೊಂದು ಬಂದದ್ದೂ 1989ರಲ್ಲೇ. ಸ್ಟೋನಿ ಬ್ರೂಕ್‌ನ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್, ಯೀಸ್ಟಿನಲ್ಲಿ ಜೀನ್ ಚಾಲೂ ಮಾಡುವ ಗ್ಯಾಲ್4 ಪ್ರೋಟೀನನ್ನು ಎರಡು ತುಂಡು ಮಾಡಿದರು. ಪರೀಕ್ಷಿಸಬೇಕಾದ ಎರಡು ಪ್ರೋಟೀನುಗಳಿಗೆ ಒಂದೊಂದು ತುಂಡು ಕಟ್ಟಿದರು. ಅವೆರಡು ಅಂಟಿಕೊಂಡರೆ ತುಂಡುಗಳೂ ಹತ್ತಿರ ಬಂದು ಜೀನ್ ಚಾಲೂ ಆಗುತ್ತದೆ. ಒಂದೊಂದಾಗಿ ಸಿಗುತ್ತಿದ್ದ ನಂಟುಗಳು ಮುಂದೆ ರಾಶಿರಾಶಿಯಾಗಿ ಸಿಗತೊಡಗಿದವು. ಆದರೆ ಮನುಷ್ಯನ ಪ್ರೋಟೀನುಗಳ ಬಗ್ಗೆ ದಶಕಗಳಿಂದ ಕಂಡುಕೊಂಡದ್ದೆಲ್ಲ ಲಕ್ಷಾಂತರ ಲೇಖನಗಳಲ್ಲಿ ಚದುರಿಹೋಗಿತ್ತು.

ಅದನ್ನು ಒಟ್ಟುಮಾಡಲು ಹೊರಟದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ 2002ರಲ್ಲಿ ಕಟ್ಟಿದ ಸಂಸ್ಥೆ ಇದು. ಜಾಗ ವೈಟ್‌ಫೀಲ್ಡಿನ ಟೆಕ್ ಪಾರ್ಕ್. ಸುತ್ತಲೂ ಸಾಫ್ಟ್‌ವೇರ್ ಕಂಪನಿಗಳು. ಇಲ್ಲಿ ಜೀವಶಾಸ್ತ್ರ ಕಲಿತವರು ಮೂರು ಲಕ್ಷಕ್ಕೂ ಹೆಚ್ಚು ಲೇಖನಗಳನ್ನು ಓದಿ, 2,750 ಪ್ರೋಟೀನುಗಳ ನಂಟು, ನೆಲೆ, ರೋಗಸಂಬಂಧಗಳನ್ನು ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ಗೆ ಸೇರಿಸಿದರು.

ಇಂಥ ಓದು ಬರೀ ನಕಲು ಮಾಡುವ ಕೆಲಸವಲ್ಲ. ಒಂದೇ ಪ್ರೋಟೀನಿಗೆ ಒಬ್ಬರು ವಾಫ್1 ಎಂದು, ಇನ್ನೊಬ್ಬರು ಸಿಪ್1 ಎಂದು, ಮತ್ತೊಬ್ಬರು ಪಿ21 ಎಂದು ಹೆಸರಿಟ್ಟಿರುತ್ತಾರೆ. ಪ್ರಯೋಗ ನಡೆದದ್ದು ಮನುಷ್ಯನ ಪ್ರೋಟೀನಿನ ಮೇಲೋ ಇಲಿಯದರ ಮೇಲೋ? ಎರಡೂ ನೇರವಾಗಿ ಅಂಟಿಕೊಂಡವೋ, ನಡುವೆ ಮೂರನೆಯದು ಇತ್ತೋ? ಇದನ್ನೆಲ್ಲ ನೋಡಿ ತೀರ್ಮಾನಿಸಬೇಕು. ಒಂದು ಸಾಲು ತಪ್ಪಾಗಿ ಓದಿದರೆ ಇಲ್ಲದ ನಂಟೊಂದು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಈ ಶ್ರಮದ ಬೆಲೆ 2006ರಲ್ಲಿ ಕಂಡಿತು. ಅದೇ ತಂಡ ‘ನೇಚರ್ ಜೆನೆಟಿಕ್ಸ್’ನಲ್ಲಿ ಮನುಷ್ಯ, ಯೀಸ್ಟ್, ಹುಳು, ನೊಣಗಳ 70,000ಕ್ಕೂ ಹೆಚ್ಚು ನಂಟುಗಳನ್ನು ಹೋಲಿಸಿತು. ಒಂದೇ ಬಗೆಯ ಆನುವಂಶಿಕ ರೋಗ ತರುವ ಪ್ರೋಟೀನುಗಳು ಒಂದಕ್ಕೊಂದು ನಂಟು ಹೊಂದಿರುವ ಸಾಧ್ಯತೆ ಹೆಚ್ಚೆಂದು ಕಂಡುಬಂತು. ಅಂದರೆ, ಕಾರಣ ತಿಳಿಯದ ಕಾಯಿಲೆಯ ಜೀನನ್ನು ಎಲ್ಲೆಲ್ಲೋ ಹುಡುಕುವ ಬದಲು, ಅಂಥದೇ ಕಾಯಿಲೆಯ ಗೊತ್ತಿರುವ ಪ್ರೋಟೀನಿನ ನೆರೆಹೊರೆಯಲ್ಲಿ ಮೊದಲು ಹುಡುಕಬಹುದು.

ನಕ್ಷೆಯ ಮಿತಿಯನ್ನೂ ಅದೇ ಲೇಖನ ತೋರಿಸಿತು. ಹುಳು ಮತ್ತು ನೊಣ ಎರಡರಲ್ಲೂ ಇದ್ದ 36 ನಂಟುಗಳು ಮನುಷ್ಯನ ಪಟ್ಟಿಯಲ್ಲಿರಲಿಲ್ಲ. ಪ್ರಯೋಗ ಮಾಡಿದಾಗ ಅವುಗಳಲ್ಲಿ 9 ಮನುಷ್ಯನಲ್ಲೂ ಇವೆ ಎಂದು ತಿಳಿಯಿತು. ಪಟ್ಟಿಯಲ್ಲಿ ಇಲ್ಲವೆಂದರೆ ದೇಹದಲ್ಲಿ ಇಲ್ಲವೆಂದಲ್ಲ, ಯಾರೂ ನೋಡಿಲ್ಲವೆಂದು. ಪಿ53ರಂಥ ಹೆಸರುವಾಸಿಗಳ ಬಗ್ಗೆ ಸಾವಿರಾರು ಲೇಖನಗಳಿರುವುದರಿಂದ ಅವುಗಳಿಗೆ ಬಂಧುಬಳಗವೂ ದೊಡ್ಡದಾಗಿ ಕಾಣುತ್ತದೆ. ಯಾರೂ ಕೈಹಾಕದ ಪ್ರೋಟೀನು ಅನಾಥವಾಗಿ ಕಾಣುತ್ತದೆ. ಅದರಿಂದ ಬರುವ ಕಾಯಿಲೆಯ ರೋಗಿಗೂ ಕಾಯುವ ಸರದಿಯೇ.

ಬೆಂಗಳೂರಿನ ಆ ಡೇಟಾಬೇಸಿನ ಒಂಬತ್ತನೇ ಆವೃತ್ತಿ ಬಂದದ್ದು 2010ರಲ್ಲಿ, ಅದೇ ಕೊನೆಯದು. ಈ ಪಕ್ಷಪಾತ ಇಲ್ಲದಂತೆ ಎಲ್ಲ ಪ್ರೋಟೀನುಗಳನ್ನೂ ಒಂದೇ ರೀತಿ ಯೀಸ್ಟಿನಲ್ಲಿ ಪರೀಕ್ಷಿಸುವ ಯತ್ನದಿಂದ 2020ರಲ್ಲಿ ಸುಮಾರು 53,000 ನಂಟುಗಳ ನಕ್ಷೆ ಪ್ರಕಟವಾಯಿತು. ಆದರೆ ಇಂಥ ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ ಎಂದು ಒರೆಗೆ ಹಚ್ಚಲು ಇಂದಿಗೂ ಲೇಖನ ಓದಿ ಹೆಕ್ಕಿದ ನಂಟುಗಳೇ ಬೇಕು. ಆ ವರ್ಷಗಳ ವೈಟ್‌ಫೀಲ್ಡ್ ಎಂದರೆ ನಮಗೆ ಕೋಡ್ ಬರೆದವರ ನೆನಪು. ಪಕ್ಕದಲ್ಲೇ ಕೂತು ಓದಿದವರೂ ಆ ಚರಿತ್ರೆಗೆ ಸೇರಬೇಕು.