ವೇತನಮಿತಿಯೂ ತಾರಾ ಆಟಗಾರರೂ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ.ಯಲ್ಲಿ ತಂಡವೊಂದರ ಒಟ್ಟು ವೇತನಕ್ಕೆ ಮಿತಿಯನ್ನು ಗೊತ್ತುಪಡಿಸುವ ಪದ್ಧತಿಯು 1984-85ರಲ್ಲಿ ಆಚರಣೆಗೆ ಬಂದಿತು. ಆ ವರ್ಷದ ಮಿತಿ 36 ಲಕ್ಷ ಡಾಲರು. ಆದರೆ ತನ್ನ ಆಟಗಾರನನ್ನು ಉಳಿಸಿಕೊಳ್ಳಲು ತಂಡವು ಮಿತಿಯನ್ನು ಮೀರಬಹುದೆಂಬ ವಿನಾಯಿತಿಯೂ ಇದ್ದಿತು. ಬಾಸ್ಟನ್ ತಂಡದ ಲ್ಯಾರಿ ಬರ್ಡನ ಹೆಸರು ಅದಕ್ಕೆ ಅಂಟಿಕೊಂಡಿದೆ. ಮುಂದಿನ ತೊಡಕುಗಳ ಬೀಜವು ಇಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

1997-98ರಲ್ಲಿ ಶಿಕಾಗೋ ಬುಲ್ಸ್ ತಂಡದ ಮೈಕೇಲ್ ಜೋರ್ಡನನ ವೇತನ 3 ಕೋಟಿ 31 ಲಕ್ಷ ಡಾಲರು. ಇಡೀ ತಂಡಕ್ಕೆ ವಿಧಿಸಿದ್ದ ಮಿತಿಯಾದರೋ 2 ಕೋಟಿ 69 ಲಕ್ಷ! ಆದರೂ ಆ ಸಲ ಪ್ರಶಸ್ತಿಯು ಶಿಕಾಗೋ ಪಾಲಾಯಿತು. ಇದನ್ನು ಜೋರ್ಡನನೊಬ್ಬನ ಪ್ರತಾಪವೆಂದು ಬಗೆಯುವವರುಂಟು. ಅವನ ಬಲಗೈಯಂತಿದ್ದ ಸ್ಕಾಟಿ ಪಿಪ್ಪೆನ್, 1991ರಲ್ಲಿ ಒಪ್ಪಿದ್ದ ದೀರ್ಘ ಕರಾರಿಗೆ ಕಟ್ಟುಬಿದ್ದು, ಸುಮಾರು 28 ಲಕ್ಷಕ್ಕೇ ಆಡುತ್ತಿದ್ದನೆಂಬುದನ್ನು ಅವರು ಗಮನಿಸಿದಂತಿಲ್ಲ. ತಾರೆಯ ವೇತನದ ಭಾರವನ್ನು ಮಾಲೀಕರು ಮಾತ್ರವೇ ಹೊರಲಿಲ್ಲ.

ಆಟವೇ ಸ್ಥಗಿತಗೊಂಡು ಋತುವು 50 ಪಂದ್ಯಗಳಿಗೆ ಇಳಿದ 1999ರಲ್ಲಿ, ಒಬ್ಬೊಬ್ಬ ಆಟಗಾರನ ವೇತನಕ್ಕೂ ಮಿತಿ ಬಂದಿತು. ತತ್ಪರಿಣಾಮವಾಗಿ ಇಬ್ಬರು ಮೂವರು ತಾರೆಯರನ್ನು ಒಂದೆಡೆ ಕೂಡಿಸುವುದು ಸುಲಭವಾಯಿತು. ಇದಕ್ಕೆ ಕಡಿವಾಣ ಹಾಕಿದ್ದು 2023ರ ಒಪ್ಪಂದ. ವೆಚ್ಚವು ಅದು ವಿಧಿಸಿದ ಮೇಲಿನ ಗೆರೆಯನ್ನು ದಾಟಿದರೆ, ಇಬ್ಬರ ವೇತನವನ್ನು ಕೂಡಿಸಿ ಕೊಟ್ಟು ದೊಡ್ಡ ವೇತನದ ಒಬ್ಬನನ್ನು ವಿನಿಮಯದಲ್ಲಿ ಪಡೆಯುವ ದಾರಿ ಮುಚ್ಚುತ್ತದೆ, ದಂಡಕರವೂ ಏರುತ್ತದೆ. 2024ರಲ್ಲಿ ಗೆದ್ದ ಬಾಸ್ಟನ್ ತಂಡವು ಜೇಲನ್ ಬ್ರೌನ್ ಮತ್ತು ಜೇಸನ್ ಟೇಟಮ್‌ರಿಗೆ ಐದೈದು ವರ್ಷಗಳಿಗೆ ತಲಾ 28 ಕೋಟಿ ಡಾಲರಿಗೂ ಮಿಗಿಲಾದ ಕರಾರುಗಳನ್ನು ನೀಡಿತ್ತು. ಮರುವರ್ಷವೇ ಜ್ರೂ ಹಾಲಿಡೇ ಪೋರ್ಟ್‌ಲೆಂಡಿಗೂ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅಟ್ಲಾಂಟಕ್ಕೂ ಹೋಗಬೇಕಾಯಿತು. ಟೇಟಮ್‌ನ ಗಾಯವೂ ಇದಕ್ಕೆ ಇಂಬುಕೊಟ್ಟಿರಬಹುದು. ಆದರೆ ಆ ಲೆಕ್ಕವು ಗಾಯಕ್ಕೆ ಮೊದಲೇ ಬರೆದಿಟ್ಟದ್ದು.