ಯುನಿಕ್ಸ್ ಮನೆತನ ಮತ್ತು ಹೊಸಬರ ಆಯ್ಕೆ

ವಿಂಡೋಸ್ ಬಿಟ್ಟು ಬೇರೆ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುವ ಹೊಸಬರಿಗೆ ಉಬುಂಟು, ಡೆಬಿಯನ್, ಫ್ರೀಬಿಎಸ್‌ಡಿ ಮುಂತಾದ ಹತ್ತಾರು ಹೆಸರುಗಳು ಎದುರಾಗುತ್ತವೆ. ಯಾವುದನ್ನು ಆರಿಸಬೇಕು? ಉತ್ತರ ಬೇಕಾದರೆ ಈ ಮನೆತನದ ಇತಿಹಾಸವನ್ನು ನಾವು ತುಸು ನೋಡಬೇಕು.

ಇವೆಲ್ಲದರ ಹಿರಿಯ ಯುನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದನ್ನು ಆರಂಭಿಸಿದರು. ಒಡೆತನ ಎಟಿ ಅಂಡ್ ಟಿ ದೂರವಾಣಿ ಕಂಪನಿಯದು. ಬೇರೆ ವ್ಯಾಪಾರಕ್ಕೆ ಇಳಿಯದಂತೆ ಸರಕಾರದೊಂದಿಗಿನ 1956ರ ಒಪ್ಪಂದ ಅದರ ಕೈ ಕಟ್ಟಿತ್ತು. ಹೀಗಾಗಿ ವಿಶ್ವವಿದ್ಯಾಲಯಗಳಿಗೆ ಯುನಿಕ್ಸ್ ಅಲ್ಪ ಶುಲ್ಕಕ್ಕೆ, ಮೂಲ ಸಂಕೇತದ ಸಮೇತ ದೊರೆಯಿತು. ವಿದ್ಯಾರ್ಥಿಗಳು ಓದಿದರು, ತಿದ್ದಿದರು. ಬರ್ಕ್ಲಿಯಲ್ಲಿ ಬಿಎಸ್‌ಡಿ ಎಂಬ ಕವಲು ಬೆಳೆಯಿತು.

ಆದರೆ 1979ರ ಏಳನೆಯ ಆವೃತ್ತಿಯೊಂದಿಗೆ ಆ ಸಂಕೇತವನ್ನು ತರಗತಿಯಲ್ಲಿ ಪಾಠ ಮಾಡುವುದಕ್ಕೆ ನಿರ್ಬಂಧ ಬಂತು. ಕಲಿಸಲು ದಾರಿ ಕಾಣದ ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ತಾವೇ ಮಿನಿಕ್ಸ್ ಬರೆದು 1987ರಲ್ಲಿ ಹೊರತಂದರು. ಅದನ್ನು ಬಳಸಿ ಕಲಿತ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಪ್ರಕಟಿಸಿದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ಸಲಕರಣೆಗಳು ಅದಕ್ಕೆ ಜೊತೆಯಾದವು.

ಆಗ ಬಿಎಸ್‌ಡಿಯೇ ಹೆಚ್ಚು ಪಳಗಿದ ವ್ಯವಸ್ಥೆ. ಆದರೆ 1992ರಲ್ಲಿ ಎಟಿ ಅಂಡ್ ಟಿಯ ಅಂಗಸಂಸ್ಥೆ ಹೂಡಿದ ದಾವೆ ಅದನ್ನು 1994ರವರೆಗೆ ಕಾಡಿತು. ಕೊನೆಗೆ ರಾಜಿಯಾದಾಗ ಸುಮಾರು 18,000 ಕಡತಗಳಲ್ಲಿ ತೆಗೆದುಹಾಕಬೇಕಾದದ್ದು ಕೇವಲ ಮೂರು! ಅಷ್ಟರಲ್ಲಿ ಬಹಳಷ್ಟು ಮಂದಿ ಲಿನಕ್ಸ್ ಕಡೆ ಹೊರಳಿದ್ದರು.

ಆ ಲಿನಕ್ಸ್ ಕೂಡ ಹೊಸಬರಿಗೆ ಬಹುಕಾಲ ಕಬ್ಬಿಣದ ಕಡಲೆಯೇ ಆಗಿತ್ತು. 2000ದಲ್ಲಿ ಬಂದ ನಾಪಿಕ್ಸ್ ನೇರವಾಗಿ ಸಿಡಿಯಿಂದಲೇ ನಡೆಯುತ್ತಿತ್ತು. ಹಾರ್ಡ್‌ಡಿಸ್ಕ್ ಮುಟ್ಟದೆ ಪರೀಕ್ಷಿಸಿ ನೋಡಬಹುದಿತ್ತು. 2004ರಲ್ಲಿ ಬಂದ ಉಬುಂಟು, ಕೇಳಿದವರಿಗೆ ಅಂಚೆಯಲ್ಲಿ ಉಚಿತ ಸಿಡಿ ಕಳಿಸಿತು. 2011ರವರೆಗೆ ನಡೆದ ಈ ಸೇವೆ ಭಾರತಕ್ಕೂ ತಲುಪಿತು.

ಇತಿಹಾಸ ಹೇಳುವ ಪಾಠ ಸ್ಪಷ್ಟ: ಕಲಿಯುವವರಿಗೆ ಬಾಗಿಲು ತೆರೆದ ವ್ಯವಸ್ಥೆಯೇ ಬೆಳೆಯಿತು. ಆದ್ದರಿಂದ ಹೊಸಬರು ಮೊದಲು ಪೆನ್‌ಡ್ರೈವ್‌ನಿಂದ ನಡೆಸಿ ನೋಡಲಿ. ಕನ್ನಡ, ಉರ್ದು ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ, ಕೇಳಿದರೆ ಹೇಳಿಕೊಡುವವರು ಹತ್ತಿರದಲ್ಲಿದ್ದಾರೆಯೇ ಎಂದು ವಿಚಾರಿಸಲಿ. ಉಬುಂಟುವಿನಿಂದ ಆರಂಭಿಸಿದರೆ ಸಾಕು. ಫ್ರೀಬಿಎಸ್‌ಡಿ ನಂತರವೂ ಇದ್ದೇ ಇರುತ್ತದೆ.

ಹಣವಿಲ್ಲವೆಂದು ಕದ್ದ ಪ್ರತಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದು ನಮಗೆ ಶೋಭೆಯಲ್ಲ. ಇಲ್ಮ್ ಹಂಚಿದಷ್ಟೂ ಹೆಚ್ಚುತ್ತದೆ ಎನ್ನುವ ನಾವು, ಹಂಚಲೆಂದೇ ಇಟ್ಟಿರುವುದನ್ನು ನಮ್ಮ ಶಾಲೆ, ಮದರಸಾಗಳಿಗೆ ಏಕೆ ತರಬಾರದು?