ಲೇಖಕಿಯರು ಕೊಟ್ಟ ಸಿನಿಮಾ

ರಾಮನಗರದ ಕಡೆಯವನು ಎಂದೊಡನೆ ಸಿನಿಮಾ ಬಲ್ಲವರು ‘ಶೋಲೆ’ಯ ಮಾತು ತೆಗೆಯುತ್ತಾರೆ. 1975ರಲ್ಲಿ ತೆರೆಕಂಡ ಆ ಚಿತ್ರಕ್ಕಾಗಿ ಇಲ್ಲಿನ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿದ್ದರು. ಗಬ್ಬರ್ ಸಿಂಗ್ ಓಡಾಡಿದ ಜಾಗ ಯಾವುದೆಂದು ಇವತ್ತಿಗೂ ರಾಮದೇವರ ಬೆಟ್ಟಕ್ಕೆ ಬಂದು ವಿಚಾರಿಸುವವರಿದ್ದಾರೆ. ನನಗೆ ಆ ಚಿತ್ರದಲ್ಲಿ ಉಳಿದದ್ದು ರಾಧಾ. ಬಿಳಿ ಸೀರೆಯ ಆ ವಿಧವೆ ದಿನಾ ಸಂಜೆ ಮಾಳಿಗೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ, ಕೆಳಗೆ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಅವಳಿಗೆ ಇನ್ನೊಂದು ಬದುಕು ಕೊಡಬೇಕೆಂದು ಹಿರಿಯರು ಮನಸ್ಸು ಮಾಡುವ ಹೊತ್ತಿಗೆ ಕಥೆ ಜಯ್‌ನನ್ನು ಕೊಲ್ಲುತ್ತದೆ, ಅವಳು ಕಿಟಕಿ ಮುಚ್ಚಿಕೊಳ್ಳುತ್ತಾಳೆ. ಮೂರು ತಾಸಿಗೂ ಮೀರಿದ ಚಿತ್ರದಲ್ಲಿ ಆ ಹೆಣ್ಣಿನ ಮನಸ್ಸಿಗೆ ಸಿಕ್ಕ ಜಾಗ ಅಷ್ಟೇ.

ಅದಕ್ಕೂ ಏಳು ವರ್ಷ ಮೊದಲೇ, 1968ರಲ್ಲಿ, ಕನ್ನಡದಲ್ಲಿ ‘ಹಣ್ಣೆಲೆ ಚಿಗುರಿದಾಗ’ ಬಂದಿತ್ತು. ಎಂ.ಆರ್. ವಿಠ್ಠಲ್ ನಿರ್ದೇಶನ, ರಾಜ್‌ಕುಮಾರ್, ಕಲ್ಪನಾ, ಆರ್. ನಾಗೇಂದ್ರರಾಯರ ಅಭಿನಯ. ವಿಧವಾ ವಿವಾಹದ ಪ್ರಶ್ನೆಯನ್ನು ಅದು ಮನೆಯ ಹಜಾರಕ್ಕೇ ತಂದು ನಿಲ್ಲಿಸಿತು. ಸಂಪ್ರದಾಯವನ್ನೇ ಹಿಡಿದು ಕೂತ ಮುದುಕನ ಮನಸ್ಸು ಮೆತ್ತಗಾಗುವುದೇ ಅಲ್ಲಿನ ನಿಜವಾದ ನಾಟಕ. ಕಥೆ ತ್ರಿವೇಣಿಯವರದು. ಅದನ್ನು ಪರದೆಯ ಮೇಲೆ ನೋಡಲು ಅವರು ಇರಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡಿದ್ದರು. ಅವರ ಯಾವ ಕಾದಂಬರಿ ಸಿನಿಮಾ ಆದದ್ದನ್ನೂ ಅವರು ನೋಡಲಿಲ್ಲ.

ಈಚೆಗೆ ಒಂದು ಮಾತು ಚಾಲ್ತಿಗೆ ಬಂದಿದೆ. ಕನ್ನಡ ಸಿನಿಮಾ ಪ್ರೀತಿ, ಅಗಲಿಕೆ, ಬದುಕಿನ ಆಯ್ಕೆಗಳನ್ನು ಪ್ರಬುದ್ಧವಾಗಿ ಕಾಣಲು ಕಲಿತದ್ದು ‘ಮುಂಗಾರು ಮಳೆ’ಯಿಂದ ಈಚೆಗೆ, ಅದಕ್ಕೂ ಹಿಂದಿನದೆಲ್ಲ ಕರವಸ್ತ್ರ ಒದ್ದೆ ಮಾಡುವ ಸಂಸಾರದ ಗೋಳು ಎನ್ನುತ್ತಾರೆ. ಓದಿಕೊಂಡ ಹುಡುಗರೇ ಹೀಗೆ ಬರೆಯುತ್ತಿರುವುದು ನನಗೆ ನೋವಿನ ಸಂಗತಿ. ಹಿಂದೆ ಇದೇ ತಾತ್ಸಾರ ಲೇಖಕಿಯರ ಕಾದಂಬರಿಗಳ ಮೇಲಿತ್ತು. ‘ಅಡುಗೆಮನೆ ಸಾಹಿತ್ಯ’ ಎಂದು ವಿಮರ್ಶಕರು ಬದಿಗೆ ಸರಿಸಿದ ಆ ಪುಸ್ತಕಗಳೇ ಮುಂದೆ ಇಪ್ಪತ್ತು ವರ್ಷ ಕನ್ನಡ ಚಿತ್ರರಂಗಕ್ಕೆ ಯೋಚನೆ ಮಾಡುವುದನ್ನು ಕಲಿಸಿದವು. ಈ ಸಮೀಕ್ಷೆ ಆ ಋಣದ ಲೆಕ್ಕ.

ಮೊದಲ ಮೂರು ದಶಕಗಳನ್ನು ಬೇಗ ದಾಟಬಹುದು. 1934ರ ‘ಸತಿ ಸುಲೋಚನ’ದಿಂದ ಶುರುವಾದ ಕನ್ನಡ ವಾಕ್ಚಿತ್ರ ಬಹುಕಾಲ ಪುರಾಣವನ್ನೂ ಭಕ್ತರ ಚರಿತ್ರೆಯನ್ನೂ ನೆಚ್ಚಿಕೊಂಡಿತ್ತು. 1936ರ ‘ಸಂಸಾರ ನೌಕ’ದಂಥ ಸಾಮಾಜಿಕ ಚಿತ್ರಗಳು ಬಂದರೂ ಅವು ರಂಗಭೂಮಿಯ ಬಳುವಳಿ. ಕಾದಂಬರಿಯ ಬಾಗಿಲು ತೆರೆದದ್ದು 1962ರಲ್ಲಿ, ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ಯನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರದಿಂದ. ಅಲ್ಲಿಯೂ ಕುಟುಂಬ ಉಳಿಯಿತೇ ಎಂಬುದೇ ದೊಡ್ಡ ಪ್ರಶ್ನೆ. ಕುಟುಂಬದೊಳಗಿನ ಒಬ್ಬಳು ಏನು ಬಯಸಿದಳು ಎಂದು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಕೇಳಿದ್ದು ‘ಬೆಳ್ಳಿಮೋಡ’, 1967ರಲ್ಲಿ. ಮಲಯಾಳದಲ್ಲಿ ಕೈ ಪಳಗಿಸಿಕೊಂಡು ಬಂದಿದ್ದ ಪುಟ್ಟಣ್ಣ ಕಣಗಾಲರು ಕನ್ನಡದ ತಮ್ಮ ಮೊದಲ ಚಿತ್ರಕ್ಕೆ ತ್ರಿವೇಣಿಯವರ ಕಾದಂಬರಿಯನ್ನೇ ಆರಿಸಿಕೊಂಡರು. ಇಂದಿರಾಳ ತಂದೆ ಎಸ್ಟೇಟ್ ಮಾಲೀಕ. ಮಾವನಾಗುವವನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದುವ ಮೋಹನ್‌ಗೆ ಅವಳನ್ನು ಕೊಡುವುದೆಂದು ಮಾತಾಗಿದೆ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ಆಸ್ತಿ ಅವಳ ಕೈತಪ್ಪುತ್ತದೆ, ಮೋಹನನ ಮನಸ್ಸೂ ಬದಲಾಗುತ್ತದೆ. ಮುಂದೆ ಅವನೇ ಹಾಸಿಗೆ ಹಿಡಿದಾಗ ಆರೈಕೆ ಮಾಡುವವಳು ಇಂದಿರಾ. ಅವನು ಪಶ್ಚಾತ್ತಾಪದಿಂದ ಮತ್ತೆ ಕೈಚಾಚಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಕ್ಷಮಿಸಿದ್ದೂ ಹೌದು, ಒಪ್ಪದೇ ಇದ್ದದ್ದೂ ಹೌದು. ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ‘ಶುಭಂ’ ಹಾಕುತ್ತಿದ್ದ ಕಾಲದಲ್ಲಿ ಇದು ಎಂಥ ಧೈರ್ಯ ಎಂಬುದನ್ನು ಆಗ ನೋಡಿದವರೇ ಬಲ್ಲರು. ವಿಜಯಭಾಸ್ಕರ್ ಸಂಗೀತದಲ್ಲಿ ಬೇಂದ್ರೆಯವರ ಕವಿತೆ ಹಾಡಾಗಿದ್ದು, ಮಲೆನಾಡಿನ ಬೆಳಗು ಪರದೆ ತುಂಬಿದ್ದು, ಇವನ್ನೆಲ್ಲ ಎಲ್ಲರೂ ನೆನೆಯುತ್ತಾರೆ. ಆ ‘ಒಲ್ಲೆ’ಯನ್ನು ನೆನೆಯುವವರು ಕಡಿಮೆ.

ಅಲ್ಲಿಂದ ಮುಂದಿನದು ಹೊಳೆ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ, ತ್ರಿವೇಣಿಯವರ ‘ಶರಪಂಜರ’ 1971ರಲ್ಲಿ, ದೇವಕಿಮೂರ್ತಿಯವರ ‘ಉಪಾಸನೆ’ 1974ರಲ್ಲಿ, ವಾಣಿಯವರ ‘ಶುಭಮಂಗಳ’ 1975ರಲ್ಲಿ, ಅನುಪಮಾ ನಿರಂಜನರ ‘ಋಣಮುಕ್ತಳು’ 1984ರಲ್ಲಿ. ಇವೆಲ್ಲ ಪುಟ್ಟಣ್ಣನವರವೇ. ಇವುಗಳಲ್ಲಿ ‘ಶರಪಂಜರ’ವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಬಾಣಂತನದಲ್ಲಿ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆಂದು ಮನೆಯವರೂ ಒಪ್ಪುವುದಿಲ್ಲ, ನೆರೆಯವರೂ ಒಪ್ಪುವುದಿಲ್ಲ. ಜೋರಾಗಿ ನಕ್ಕರೆ ಹುಚ್ಚು ಮರುಕಳಿಸಿತು, ಸುಮ್ಮನೆ ಕೂತರೂ ಅದೇ ಅನುಮಾನ. ಗಂಡ ಇನ್ನೊಬ್ಬಳ ಕಡೆ ವಾಲಿದ್ದಾನೆ. ಕಡೆಗೆ ಅವಳು ಮತ್ತೆ ಆಸ್ಪತ್ರೆಗೇ ಮರಳುತ್ತಾಳೆ. ಬಾಣಂತಿಯರ ಮನೋವ್ಯಾಧಿಯನ್ನು ವೈದ್ಯರೂ ಮೆಲುದನಿಯಲ್ಲಿ ಹೇಳುತ್ತಿದ್ದ ಕಾಲದಲ್ಲಿ ಹಳ್ಳಿಯ ಹೆಂಗಸರು ಅದನ್ನು ಪರದೆಯ ಮೇಲೆ ನೋಡಿದರು.

ನಮ್ಮ ತಿಪ್ಪಸಂದ್ರದ ಸುತ್ತಿನಲ್ಲಿ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಘಂಟಸಾಲರ ವೆಂಕಟೇಶನ ಹಾಡು ಮೈಕಿನಲ್ಲಿ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದು ಅರ್ಥ. ಮುಂದೆ ನೆಲ, ಹಿಂದೆ ಬೆಂಚು, ಹೆಂಗಸರದು ಒಂದು ಮಗ್ಗುಲು. ಇದ್ದದ್ದು ಒಂದೇ ಪ್ರೊಜೆಕ್ಟರ್, ಹಾಗಾಗಿ ರೀಲು ಬದಲಿಸುವಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು. ‘ಶರಪಂಜರ’ ಬಂದಾಗ ಆ ಬಿಡುವಿನಲ್ಲಿ ಹೆಂಗಸರ ಮಗ್ಗುಲಿನಿಂದ ಕೇಳಿದ ಮಾತು ನನ್ನ ಕಿವಿಯಲ್ಲಿದೆ. ಪುಸ್ತಕ ಓದಿದ್ದ ಶಾಲೆಯ ಮೇಡಂ ಒಬ್ಬರು ಮುಂದೇನಾಗುತ್ತದೆಂದು ಹೇಳುತ್ತಿದ್ದರು. ‘ಅವ್ಳು ಮನೇಲೇ ಇರ್ಬೇಕಿತ್ತು ಕಣಕ್ಕ, ಮಕ್ಳಿಗೋಸ್ಕರ’ ಎಂದಳು ಒಬ್ಬಳು. ‘ಯಾರ್ ಮನೇಲಿ? ಅದು ಅವ್ಳ ಮನೆ ಆಗಿತ್ತಾ?’ ಎಂದಳು ಇನ್ನೊಬ್ಬಳು, ನಮ್ಮ ಬೀದಿಯವಳೇ, ಅಕ್ಷರ ಬಾರದವಳು. ಅಷ್ಟರಲ್ಲಿ ಮುಂದಿನ ರೀಲು ಓಡಿತು. ಮುಂದೆ ನಾನು ಬೆಂಗಳೂರಿಗೆ ಹೋಗಿ, 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ನೋಡಿ, ಗಂಟೆಗಟ್ಟಲೆ ಚರ್ಚೆ ಕೇಳಿದ್ದೇನೆ. ಆ ಪ್ರಶ್ನೆಗಿಂತ ಮಿಗಿಲಾದ ವಿಮರ್ಶೆ ನೆನಪಾಗುವುದಿಲ್ಲ.

ಪುಟ್ಟಣ್ಣನವರನ್ನು ಪೂರ್ತಿ ಹೊಗಳಿ ಮುಗಿಸುವುದೂ ಸರಿಯಲ್ಲ. ಹೆಣ್ಣಿನ ಸಂಕಟ ಅವರಿಗೆ ಒಲಿದಷ್ಟು ಹೆಣ್ಣಿನ ಬಯಕೆ ಒಲಿಯಲಿಲ್ಲ. 1973ರ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಜಯಂತಿಯವರ ಮಾಧವಿ ಸೈನಿಕನ ಹೆಂಡತಿ, ಗಾಯಗೊಂಡು ಬಂದ ಗಂಡನಿಂದ ಸಿಗದ ದೇಹಸುಖಕ್ಕೆ ಹಂಬಲಿಸುತ್ತಾಳೆ. ಚಿತ್ರ ಅವಳನ್ನು ಅರ್ಥಮಾಡಿಕೊಳ್ಳುತ್ತದೆ, ಆದರೆ ಬದುಕಲು ಬಿಡುವುದಿಲ್ಲ. ಆ ಕಾದಂಬರಿ ಭಾರತೀಸುತರದು ಎಂಬುದನ್ನು ಗಮನಿಸಬೇಕು. ‘ಗೆಜ್ಜೆಪೂಜೆ’ಯ ಚಂದ್ರಾಳೂ ಸಾಯುತ್ತಾಳೆ, ಆದರೆ ಆ ಸಾವು ಅವಳ ಬಯಕೆಗೆ ಕೊಟ್ಟ ದಂಡವಲ್ಲ, ಓದಬೇಕು, ಮದುವೆಯಾಗಬೇಕು ಎಂದವಳನ್ನು ಹುಟ್ಟಿನ ನೆಪದಲ್ಲಿ ತಳ್ಳಿದ ಊರಿನ ಮೇಲೆ ಹೊರಿಸಿದ ಆರೋಪ. ಎರಡು ಸಾವುಗಳ ನಡುವಿನ ಈ ವ್ಯತ್ಯಾಸ ಬರೆದ ಕೈಯಿಂದ ಬಂದದ್ದೆಂದೇ ನನ್ನ ನಂಬಿಕೆ.

ಪುಟ್ಟಣ್ಣನವರಾಚೆಗೂ ಈ ಹೊಳೆ ಹರಿಯಿತು. ದೊರೈ-ಭಗವಾನ್ ಜೋಡಿ 1974ರಲ್ಲಿ ವಾಣಿಯವರ ‘ಎರಡು ಕನಸು’ ತೆಗೆದರು. ಒಲಿದವಳನ್ನು ಮರೆಯಲಾರದ ಗಂಡ, ಎದುರಿಗೇ ಇದ್ದೂ ಅವನ ಕಣ್ಣಿಗೆ ಬೀಳದ ಹೆಂಡತಿ. ಉತ್ತುಂಗದಲ್ಲಿದ್ದ ರಾಜ್‌ಕುಮಾರ್ ಹೆಂಡತಿಗೆ ಅನ್ಯಾಯ ಮಾಡುವ ಪಾತ್ರ ಒಪ್ಪಿಕೊಂಡರು. ಇಂದಿನ ನಾಯಕರಲ್ಲಿ ಹಾಗೆ ಒಪ್ಪುವವರನ್ನು ಹುಡುಕಬೇಕು. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ 1978ರಲ್ಲಿ ಗೀತಪ್ರಿಯರ ಕೈಯಲ್ಲಿ, ‘ಬಂಧನ’ 1984ರಲ್ಲಿ ರಾಜೇಂದ್ರಸಿಂಗ್ ಬಾಬು ಕೈಯಲ್ಲಿ ಚಿತ್ರವಾದವು. ‘ಬಂಧನ’ ಎಂದರೆ ಜನ ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಹರೀಶನಿಗಾಗಿ ಅಳುತ್ತಾರೆ. ಕಥೆಯ ಭಾರ ಹೊತ್ತವಳು ಸುಹಾಸಿನಿಯವರ ನಂದಿನಿ. ಸ್ನೇಹವನ್ನು ಸ್ನೇಹವೆಂದೇ ತಿಳಿದದ್ದು ಅವಳ ತಪ್ಪಲ್ಲ, ತಾನು ಆರಿಸಿಕೊಂಡ ಗಂಡ ಕ್ರೂರಿ ಎಂದು ತಿಳಿದಾಗ ಆ ಆಯ್ಕೆಯ ಹೊಣೆ ಹೊರುವವಳೂ ಅವಳೇ.

ಇದೇ ಕಾಲದ ಗಂಡಸರ ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಟಿ.ಕೆ. ರಾಮರಾಯರ ಕಾದಂಬರಿಯಿಂದ ಬಂದ ‘ಬಂಗಾರದ ಮನುಷ್ಯ’ (1972) ನಮ್ಮ ರಾಗಿ ಸೀಮೆಯ ಎಷ್ಟೋ ಹುಡುಗರಿಗೆ ಬೇಸಾಯದ ಮೇಲೆ ಗೌರವ ಹುಟ್ಟಿಸಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹೆಂಡತಿಯನ್ನು ಕಳೆದುಕೊಂಡು, ಮನೆಯವರಿಂದಲೇ ನೊಂದ ರಾಜೀವ ಕೊನೆಗೆ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. 2006ರ ‘ಮುಂಗಾರು ಮಳೆ’ಯ ಪ್ರೀತಮ್ ಕೂಡ ಒಲಿದವಳನ್ನು ಬಿಟ್ಟುಕೊಟ್ಟು ಹಾಗೆಯೇ ನಡೆದ. ತ್ರಿವೇಣಿ, ಇಂದಿರಾ, ವಾಣಿಯವರ ಹೆಂಗಸರಿಗೆ ಹಾಗೆ ನಡೆದುಹೋಗಲು ದಾರಿಯಿರಲಿಲ್ಲ. ಇದ್ದಲ್ಲೇ ಇದ್ದು ಏನನ್ನಾದರೂ ಆರಿಸಿಕೊಳ್ಳಬೇಕಿತ್ತು. ಅವರ ಕಥೆಗಳಲ್ಲಿ ಯೋಚನೆಗೆ ಹೆಚ್ಚು ಕೆಲಸ ಇರುವುದು ಅದಕ್ಕೇ.

ಹೊಸ ಅಲೆಯ ಚಿತ್ರಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಎರಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಯಮುನಾಳ ದುರಂತವನ್ನು ಒಬ್ಬ ಹುಡುಗನ ಕಣ್ಣಿನಿಂದ ತೋರಿಸಿತು. ಅನಂತಮೂರ್ತಿಯವರ ಕಥೆಯೇ ಹಾಗಿದೆ. ಶ್ರೇಷ್ಠ ಚಿತ್ರ, ಸ್ವರ್ಣಕಮಲ ಪಡೆದದ್ದು ನ್ಯಾಯವೇ. ಆದರೂ ಯಮುನಾಳ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ತಿಳಿಯುವುದು ಅಷ್ಟಕ್ಕಷ್ಟೆ. ಇನ್ನೊಂದು 1983ರ ‘ಫಣಿಯಮ್ಮ’. ಎಂ.ಕೆ. ಇಂದಿರಾ ತಮ್ಮದೇ ಮನೆತನದ ಬಾಲವಿಧವೆಯೊಬ್ಬರ ಬದುಕಿನಿಂದ ಕಾದಂಬರಿ ಬರೆದರು, ಪ್ರೇಮಾ ಕಾರಂತರು ಚಿತ್ರ ಮಾಡಿದರು. ಬರೆದವಳೂ ಹೆಣ್ಣು, ತೆಗೆದವಳೂ ಹೆಣ್ಣು. ಮಡಿಯಲ್ಲೇ ಆಯುಷ್ಯ ಸವೆಸಿದ ಮುದುಕಿ, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುವ ಭಾಗ ಇಡೀ ಚಿತ್ರದ ಜೀವ. ಎಲ್.ವಿ. ಶಾರದಾ ದನಿ ಏರಿಸುವುದೇ ಇಲ್ಲ. ತನಗೆ ಸಿಗದ ಆಯ್ಕೆ ಇನ್ನೊಬ್ಬಳಿಗೆ ಸಿಗಲಿ ಎಂದು ಬಯಸುವುದಕ್ಕಿಂತ ದೊಡ್ಡ ಪ್ರೀತಿಯನ್ನು ಕನ್ನಡ ಪರದೆಯಲ್ಲಿ ನಾನು ಕಂಡಿಲ್ಲ. ‘ಘಟಶ್ರಾದ್ಧ’ಕ್ಕೆ ಸಿಕ್ಕ ವಿಮರ್ಶೆಯ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ.

1985ರಲ್ಲಿ ಪುಟ್ಟಣ್ಣ ಹೋದರು. ಕಾದಂಬರಿ ಮತ್ತು ಗಾಂಧಿನಗರದ ಚಿತ್ರೋದ್ಯಮದ ನಂಟು ಆಮೇಲೆ ಸಡಿಲವಾಯಿತು. ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದ ಓದುಗಿತ್ತಿಯರು ಟಿವಿ ಧಾರಾವಾಹಿಯತ್ತ ಹೋದರು, ಡೇರೆಗಳು ಕಾಣೆಯಾದವು, ನಿರ್ಮಾಪಕರಿಗೆ ಮಚ್ಚು ಹಿಡಿದ ನಾಯಕ ಬೇಕಾದ. ಮಧ್ಯೆ ಮಧ್ಯೆ ಒಂದೊಂದು ಕಿಡಿ: ಬಾನು ಮುಷ್ತಾಕರ ಕಥೆಯಿಂದ ಕಾಸರವಳ್ಳಿಯವರ ‘ಹಸೀನಾ’ (2004), ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸ್’ (2008). ತಾರಾ, ಉಮಾಶ್ರೀ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರಗಳು ಲೇಖಕಿಯರವು ಎಂಬುದು ನನಗೆ ಕಾಕತಾಳೀಯವಾಗಿ ಕಾಣುವುದಿಲ್ಲ. ಮುಂದೆ ಚಂಪಾ ಶೆಟ್ಟಿ ವೈದೇಹಿಯವರ ಕಥೆಗಳನ್ನು ಹೆಣೆದು ‘ಅಮ್ಮಚ್ಚಿಯೆಂಬ ನೆನಪು’ ಮಾಡಿದರು. ಅದೇ 2018ರಲ್ಲಿ ಬಂದ ಮಂಸೋರೆಯವರ ‘ನಾತಿಚರಾಮಿ’ಗೆ ಎನ್. ಸಂಧ್ಯಾರಾಣಿ ಬರೆದರು. ಗಂಡನನ್ನು ಕಳೆದುಕೊಂಡ ಗೌರಿ ದುಃಖವನ್ನೂ ದೇಹದ ಬೇಡಿಕೆಯನ್ನೂ ಒಟ್ಟಿಗೆ ಹೊತ್ತು ಬದುಕುತ್ತಾಳೆ, ಸಾಯುವುದಿಲ್ಲ. ಎಡಕಲ್ಲಿನ ಮಾಧವಿಗೆ ಉತ್ತರ ಸಿಗಲು 45 ವರ್ಷ ಹಿಡಿಯಿತು. ರೂಪಾ ರಾವ್ ಅವರ ‘ಗಂಟುಮೂಟೆ’ (2019) ಹೈಸ್ಕೂಲು ಹುಡುಗಿಯ ಪ್ರೀತಿ ಮತ್ತು ಸಾವಿನ ಪೆಟ್ಟನ್ನು ಅವಳ ದನಿಯಲ್ಲೇ ಹೇಳಿತು.

ಉಳಿದಂತೆ ಈಚಿನ ಮೆಚ್ಚುಗೆ ಪಡೆದ ಚಿತ್ರಗಳಲ್ಲಿ ‘ಲವ್ ಮಾಕ್‌ಟೇಲ್’ (2020) ಚೆನ್ನಾಗಿದೆ, ಆದರೆ ಹೆಂಡತಿಯ ಸಾವು ಗಂಡನ ಪಾಠವಾಗಿ ಮುಗಿಯುತ್ತದೆ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ಅದಕ್ಕಿಂತ ಆಳದ ಕೆಲಸ. ಎರಡು ಭಾಗಗಳಲ್ಲಿ ಹರಡಿದ ಆ ವಿರಹವನ್ನು ಹುಡುಗರು ನಾಲ್ಕು ನಾಲ್ಕು ಬಾರಿ ನೋಡಿದರು. ಮನು ಜೈಲಿಗೆ ಹೋಗುವ ತೀರ್ಮಾನವನ್ನು ಚಿತ್ರ ಬಿಡಿಸಿ ಬಿಡಿಸಿ ತೋರಿಸುತ್ತದೆ. ಪ್ರಿಯಾ ಬೇರೆ ಮದುವೆಗೆ ಒಪ್ಪಿ ಸಂಸಾರ ಕಟ್ಟಿಕೊಂಡದ್ದು ಅಷ್ಟೇ ಕಠಿಣವಾದ ತೀರ್ಮಾನ. ಅದರ ಒಳಗನ್ನು ವಾಣಿಯವರಾಗಿದ್ದರೆ ಇನ್ನೂ ನೂರು ಪುಟ ಬರೆದಿರುತ್ತಿದ್ದರು.

ಕೊರತೆ ಹಳೆಯ ಹೊಳೆಯಲ್ಲೂ ಇತ್ತು. ತ್ರಿವೇಣಿಯವರ ಮೈಸೂರು, ಇಂದಿರಾ ಅವರ ಮಲೆನಾಡು, ಡಾಕ್ಟರರು, ಲೆಕ್ಚರರು, ಎಸ್ಟೇಟ್ ಮಾಲೀಕರು: ಓದಿದ ಮೇಲ್ಜಾತಿಯ ಮನೆಗಳೇ ಹೆಚ್ಚು. ಡೇರೆಯಲ್ಲಿ ಕೂತು ಪ್ರಶ್ನೆ ಕೇಳಿದ ನಮ್ಮ ಬೀದಿಯವಳ ಕಥೆ ಆ ಪರದೆಗೆ ಬರಲಿಲ್ಲ. ಕಲಬುರಗಿಯ ಗೀತಾ ನಾಗಭೂಷಣ ಕೂಲಿಯ ಹೆಂಗಸರ ಬದುಕು ಬರೆದು ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳಂಥ ಹೆಣ್ಣನ್ನು ಕೊಟ್ಟರು. 2011ರಲ್ಲಿ ಬಂದು ಸ್ವರ್ಣಕಮಲ ಹಂಚಿಕೊಂಡ ‘ಬ್ಯಾರಿ’ ಚಿತ್ರ ತಮ್ಮ ಕಾದಂಬರಿಯದೇ ಕಥೆ ಎಂದು ಅವರು ಕೋರ್ಟಿಗೆ ಹೋಗಬೇಕಾಯಿತು. ಲೇಖಕಿಯ ಹೆಸರು ಪರದೆಯ ಮೇಲೆ ಬರುವುದು ಹಕ್ಕಿನ ಪ್ರಶ್ನೆ ಎಂಬುದನ್ನು ಅವರು 75 ದಾಟಿದ ವಯಸ್ಸಿನಲ್ಲಿ ನೆನಪಿಸಿದರು.

2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಬಂತು. ಊರೂರಲ್ಲಿ ಸನ್ಮಾನಗಳಾದವು. ‘ಹಸೀನಾ’ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ನಿರ್ಮಾಪಕರು ಆ ಸಂಕಲನಗಳನ್ನು ಕೊಂಡು ಓದಲಿ, ಹಕ್ಕಿನ ಹಣ ಕೊಟ್ಟು ಕಥೆ ಪಡೆಯಲಿ, ಹೆಸರನ್ನು ಮೊದಲ ಕಾರ್ಡಿನಲ್ಲೇ ಹಾಕಲಿ. ರಾಮನಗರದ ರೇಷ್ಮೆ ಫಿಲೇಚರುಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆಯುವ ಹೆಂಗಸರು, ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಾಗುವ ಮುಂಚೆ ಬಸ್ಸು ಹಿಡಿಯುವ ನಮ್ಮ ಹೋಬಳಿಯ ಹುಡುಗಿಯರು, ಯಾರನ್ನು ಮದುವೆಯಾಗಬೇಕು, ಸಂಬಳ ಯಾರ ಕೈಗೆ ಕೊಡಬೇಕು, ಮನೆಗೆ ಮರಳಬೇಕೇ ಬೇಡವೇ ಎಂದು ದಿನವೂ ತೀರ್ಮಾನ ಮಾಡುತ್ತಿದ್ದಾರೆ. ಅವರಲ್ಲಿ ಬರೆಯುವವರೂ ಇದ್ದಾರೆ. ಗಾಂಧಿನಗರದಿಂದ ನಮ್ಮ ಮಾಗಡಿಗೆ ಐವತ್ತು ಚಿಲ್ಲರೆ ಕಿಲೋಮೀಟರು.